ಮುತ್ತಾತನ ಮುಖವೀಣೆ

"ಮೂರು ತಿಂಗಳಲ್ಲ, ಮೂರು ವರ್ಷ ಇದ್ದು ಬಾ! ನನಗೇನು ಭಯವೇ?" ಎಂದು ಎದೆಯುಬ್ಬಿಸಿ ಹೆಂಡತಿ ಅನಸೂಯಳನ್ನು ಹನೂರಿನ ಬಸ್ಸು ಹತ್ತಿಸಿದವನು ನಾನೇ. ಅಲ್ಲಿ ಮಗಳ ಬಾಣಂತನ. ಇಲ್ಲಿ ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ನಾನು, ನನ್ನ ಮಗ್ಗ. ಒಂಟಿತನವೇ? ಛೆ! ನನ್ನದೊಂದು ಮಹಾಯೋಜನೆಯಿತ್ತು. ಅಟ್ಟದ ಮೇಲೆ ಮುತ್ತಾತನ ಮುಖವೀಣೆ, ಅದೇ ನಾಗಸ್ವರದ ಪುಟ್ಟ ತಮ್ಮ, ಸೀಳು ಬಿಟ್ಟು ಬಿದ್ದಿತ್ತು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಅದರ ತದ್ರೂಪು ಮಾಡಿ, ಅನಸೂಯ ಬಂದಾಗ ಬಾಗಿಲಲ್ಲೇ ಊದಿ ಬೆರಗುಗೊಳಿಸುವುದು!

ನಿಜ ಹೇಳಿಬಿಡುತ್ತೇನೆ. ಎರಡನೇ ದಿನವೇ ಮರೆತು ಎರಡು ತಟ್ಟೆ ಹಾಕಿದ್ದೆ. ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ರೇಗೋಣವೆಂದರೆ, ಮಾಡಿದವನೂ ನಾನೇ! ಆದರೂ ವಾರವಾರದ ಕಾರ್ಡಿನಲ್ಲಿ "ಇಲ್ಲಿ ಪರಮಸುಖ" ಎಂದೇ ಬರೆದೆ. ಗಂಡಸಲ್ಲವೇ!

ಒಂದು ಬೆಳಗ್ಗೆ ಮಗ್ಗಕ್ಕಿಳಿಯದೆ, ಬಾಗಿಲು ಹಾಕಿಕೊಂಡು, ಕಾದ ಕಂಬಿಯಿಂದ ಕೊನೆಯ ತೂತು ಕೊರೆದೆ. ಮುತ್ತಾತನೇ ಎದ್ದು ಬಂದರೂ ಯಾವುದು ತನ್ನದೆಂದು ತಡಕಾಡಬೇಕು! ಬಾಯಿಗಿಡುವ ಗರಿಯ ಪೀಪಿ ಮಾತ್ರ ಮೊದಲ ಉಸಿರಿಗೇ ಸೀಳಿತು. ಹೋದರೆ ಹೋಗಲಿ, ಎದೆಯಲ್ಲಿ ದಮ್ಮಿಲ್ಲವೇ? ಬರೀ ಕೊಳವೆಗೇ ತುಟಿಯಿಟ್ಟು ಊದಿದೆ. "ಭೋಂ..." ಸಾಕ್ಷಾತ್ ಶಂಖ! ಏನೋ ಒಂದು ಸದ್ದು ಬಂತಲ್ಲ ಎಂದು ಮತ್ತೆ ಮತ್ತೆ ಊದಿದೆ.

ನಮ್ಮ ಬೀದಿಯಲ್ಲಿ ಮಗ್ಗದ ಲಾಳಿಯ ಸದ್ದು ನಿಂತರೆ ಆ ಮನೆಯಲ್ಲೇನೋ ಆಗಿದೆಯೆಂದೇ ಅರ್ಥ. ಬೆಳಗ್ಗಿನಿಂದ ಲಾಳಿ ಆಡಿಲ್ಲ, ಒಳಗೆ ಸಾವಿನ ಶಂಖ! ಎದುರುಮನೆಯ ಸೋಮಮ್ಮ ಬಾಗಿಲು ಬಡಿದಳು. ಗಲಾಟೆಯೆಂದು ಜಗಳಕ್ಕೆ ಬಂದಳೇನೋ ಎಂದು ನಾನು ಉಸಿರು ಬಿಗಿಹಿಡಿದು ಕೂತೆ. ಅಷ್ಟು ಸಾಕಾಯಿತು. ಹನೂರಿಗೆ ಹೊರಟಿದ್ದ ಬಸ್ಸಿನಲ್ಲಿ ನನ್ನ ಸಾವಿನ ಸುದ್ದಿ ಹೋಯಿತು!

ಮಧ್ಯಾಹ್ನ ಹಸಿವಾಗಿ ಬಾಗಿಲು ತೆಗೆದರೆ, ಪಕ್ಕದ ಮನೆಯ ರಂಗನಾಯಕ ಜಗಲಿಯ ಮೇಲೆ ಬಿದಿರು ಸೀಳುತ್ತಿದ್ದ.

"ಯಾರಿಗಪ್ಪಾ ಚಟ್ಟ?"

"ನಿಮ್ಗೇ ಕಣಣ್ಣ. ನಿಮ್ಮೆಂಗುಸ್ರು ಬರಗಂಟ ಬಾಗ್ಲು ಮುಟ್ಬ್ಯಾಡಿ ಅಂದವ್ಳೆ ಸೋಮಮ್ಮ..." ಎನ್ನುತ್ತ ತಲೆಯೆತ್ತಿದವನು ಮಚ್ಚು ಬಿಸಾಕಿ ಓಡಿದ.

ಅಷ್ಟರಲ್ಲಿ ಬೀದಿಯ ತುದಿಯಿಂದ ಅನಸೂಯಳ ಗೋಳು. ನನ್ನನ್ನು ಕಂಡವಳೇ ಅಳು ನಿಲ್ಲಿಸಿದಳು, ಬಯ್ಗುಳ ಶುರುಮಾಡಿದಳು. ಆಹಾ, ಕೇಳಿ ಎಷ್ಟು ದಿನವಾಗಿತ್ತು!

"ಬಾಣಂತಿಗೆ ನೀರುಯ್ಯೋದ ಬುಟ್ಬುಟ್ಟು ಓಡ್ಬಂದಿವ್ನಿ! ಏನ್ರೀ ಇದು ಕೈಲಿ?"

"ಮುತ್ತಾತನ ಮುಖವೀಣೆ ಕಣೆ. ತದ್ರೂಪು."

"ಈಗ್ಯಾತುಕ್ಕೆ ಇದು?"

ಕೊಚ್ಚಿಕೊಳ್ಳಲೆಂದೇ ಬಾಯಿ ತೆರೆದೆ. ಬಂದ ಮಾತೇ ಬೇರೆ.

"ನೀನಿಲ್ದೆ ಮನೆ ಬಿಕೋ ಅಂತದೆ ಕಣೆ."

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮುಖವೀಣೆಯನ್ನೊಮ್ಮೆ, ಬಿದಿರಿನ ರಾಶಿಯನ್ನೊಮ್ಮೆ ನೋಡಿದಳು.

"ಈ ಒಂದ್ ಮಾತ್ನ ಕಾರ್ಡ್ನಲ್ಲಿ ಬರೀಬಾರ್ದಾಗಿತ್ತಾ? ಇದ ಯೋಳಕ್ಕೆ ನೀವು ಸಾಯ್ಬೇಕಾಯ್ತಾ?"