ತಮ್ಮನ ಜರಡಿ, ಅವ್ವನ ಡಬ್ಬಿ

ಕಾಯಿಲೆ ಇರೋ ಮನೇಲಿ ನಗಬಾರದು ಅಂತಾರೆ. ಅನ್ನೋರು ನಮ್ಮ ಮನೇಲಿ ಒಂದು ವಾರ ಇದ್ದು ನೋಡಲಿ. ಅಳೋಣ ಅಂತ ಸೆರಗು ಎತ್ತಿಕೊಂಡರೆ ಸಾಕು, ಅಷ್ಟರಲ್ಲಿ ಯಾರಾದರೂ ಏನಾದರೂ ಒಂದು ಮಾಡಿರ್ತಾರೆ, ಅದೇ ಸೆರಗನ್ನ ಬಾಯಿಗೆ ತುರುಕಿಕೊಂಡು ನಗಬೇಕು. ತಮ್ಮನಿಗೆ ಕಿಡ್ನಿ ಕಾಯಿಲೆ ಅಂತ ಗೊತ್ತಾದ ಮೇಲೆ ನಮಗೆ ಇದೇ ಪಾಡು. ಮನೇಲಿ ಇರೋದು ಅವ್ವ, ತಮ್ಮ, ನಾನು. ಮಾಂಬಳ್ಳಿಯಲ್ಲಿ ಮನೆ, ಮನೆ ಮುಂದೇ ಹಿಟ್ಟಿನ ಗಿರಣಿ. ಗಿರಣಿ ತಮ್ಮನದು, ಬಾಯಿ ಅಕ್ಕನದು ಅಂತ ಊರೋರು ಆಡಿಕೊಳ್ತಾರೆ. ಆಡಿಕೊಳ್ಳಲಿ, ಬೀಸಿಸೋಕೆ ಇಲ್ಲಿಗೇ ಬರಬೇಕು.

ಒಂದಗುಳು

ಮೊದಮೊದಲು ಬೆಳಗ್ಗೆ ಎದ್ದರೆ ಅವನ ಕಣ್ಣಿನ ಸುತ್ತ ಊತ, ಸಂಜೆ ಹೊತ್ತಿಗೆ ಕಾಲಲ್ಲಿ ಊತ. ಬೆರಳಿಂದ ಒತ್ತಿದರೆ ಬಿದ್ದ ಕುಳಿ ಹಾಗೇ ಇರೋದು. ಅವ್ವ ದೃಷ್ಟಿ ಅಂದಳು. ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು, ನಾವು ಮೂವರೂ ಕೆಮ್ಮಿ ಕೆಮ್ಮಿ ಬೀದಿಗೆ ಓಡಿಬಂದೆವು, ಊತ ಮಾತ್ರ ಹೋಗಲಿಲ್ಲ. ಆಮೇಲೆ ಕೊಳ್ಳೇಗಾಲದ ಡಾಕ್ಟ್ರ ಹತ್ರ ಹೋದದ್ದು.

ಡಾಕ್ಟ್ರು ಒಳ್ಳೆಯವರು. ಇವನು ಗಿರಣಿಯವನು ಅಂತ ತಿಳಿದು ಅವನಿಗೆ ಅರ್ಥವಾಗೋ ಹಾಗೇ ಹೇಳಿದರು. "ಕಿಡ್ನಿ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಜರಡಿಗಳು ಇರ್ತವಪ್ಪ. ಕೊಳೆ ಕೆಳಗೆ ಹೋಗಬೇಕು, ರಕ್ತದ ಸತ್ವ ಮೇಲೆ ಉಳೀಬೇಕು. ನಿನ್ನ ಜರಡೀಲಿ ಸತ್ವಾನೇ ಸೋರಿ ಉಚ್ಚೇಲಿ ಹೋಗ್ತಾ ಇದೆ."

"ಜರಡಿ ಅರ್ದೋಗದಾ ಸಾ?" ಅಂದ ತಮ್ಮ.

"ಅದೇ ಗೊತ್ತಾಗಬೇಕು. ಜರಡಿ ಕಣ್ಣು ಬರೀ ಸಡಿಲ ಆಗಿದ್ರೆ ಸ್ಟೀರಾಯ್ಡ್ ಮಾತ್ರೆಗೆ ಬಿಗಿಯಾಗುತ್ತೆ. ಅಲ್ಲಲ್ಲಿ ಕಲೆಗಟ್ಟಿ ಗಡುಸಾಗಿದ್ರೆ ಮಾತ್ರೆ ಮಾತು ಅಷ್ಟಾಗಿ ಕೇಳಲ್ಲ. ಹೊರಗಿಂದ ನೋಡೋಕೆ ಎರಡೂ ಒಂದೇ. ಮೈಸೂರಲ್ಲಿ ಬೆನ್ನಿಗೆ ಸೂಜಿ ಹಾಕಿ, ಒಂದು ಚೂರು ತೆಗೆದು ನೋಡ್ತಾರೆ. ಅನ್ನ ಬೆಂದಿದೆಯಾ ಅಂತ ಒಂದಗುಳು ಹಿಸುಕಿ ನೋಡ್ತೀವಲ್ಲಮ್ಮಾ, ಹಾಗೆ."

ಸೂಜಿ ಅಂದ ಕೂಡಲೇ ಅವ್ವ ಎದ್ದಳು. ಮಗನ ರಟ್ಟೆ ಹಿಡಿದು ಬಾಗಿಲ ತನಕ ಎಳೆದುಕೊಂಡು ಹೋಗಿ ಅಲ್ಲಿಂದಲೇ ಕೇಳಿದಳು. "ಅನ್ನ ಆದ್ರೆ ಇಸುಕಿದ ಅಗುಳ ಬಾಯ್ಗಾಕೊಂತೀವಿ ಸಾ. ನನ್ ಮಗನ್ ಕಿಡ್ನಿ ಚೂರ ತಕಂಡು ನೀವೇನ್ ಮಾಡೀರಿ?"

ಡಾಕ್ಟ್ರು ಸೋತರು. ಮೊದಲು ನಾಲ್ಕು ತಿಂಗಳು ಮಾತ್ರೆ ಕೊಟ್ಟು ನೋಡ್ತೀನಿ, ಸೋರೋದು ನಿಲ್ಲದಿದ್ದರೆ ಮಾತ್ರ ಮೈಸೂರು ಅಂತ ಒಪ್ಪಂದಕ್ಕೆ ಬಂದರು.

ಹಿತ್ತಲ ಕಷಾಯ

ಸೋರೋದು ನಿಂತಿದೆಯಾ ಅಂತ ಮನೇಲೇ ನೋಡಿಕೊಳ್ಳೋದಕ್ಕೆ ನರ್ಸಮ್ಮ ಒಂದು ಗಾಜಿನ ನಳಿಗೆ ಕೊಟ್ಟಿದ್ದರು. ಬೆಳಗಿನ ಉಚ್ಚೆಯನ್ನ ಅದರಲ್ಲಿ ಹಿಡಿದು ಕಾಯಿಸಬೇಕು. ತಿಳಿಯಾಗಿದ್ದರೆ ಒಳ್ಳೇದು, ಒಡೆದ ಹಾಲಿನ ಹಾಗೆ ಬೆಳ್ಳಗಾದರೆ ಸತ್ವ ಸೋರ್ತಾ ಇದೆ ಅಂತ.

ಕಾಯಿಸೋದು ಎಲ್ಲಿ? ನಮ್ಮವ್ವ ಲಿಂಗಪೂಜೆ ಆಗದೆ ಒಲೆಗೆ ಬೆಂಕಿ ಹಾಕದವಳು. "ಮಾದಪ್ಪನ ಎಡೆ ಮಾಡೋ ಒಲೆ ಮ್ಯಾಲೆ ಉಚ್ಚೆ ಮಡಗಿಯಾ? ನಿನ್ ಕೈಗೆ ಬೆಂಕಿ ಬೀಳಾ!" ಅಂತ ನನಗೇ ಬೈದಳು, ನಾನೇನೋ ಹುಯ್ದೋಳ ಹಾಗೆ. ಕೊನೆಗೆ ಹಿತ್ತಲಲ್ಲಿ, ಸೀಬೆಮರದ ಕೆಳಗೆ, ಒಂದು ಹಳೇ ಸೀಮೆಎಣ್ಣೆ ಬುಡ್ಡಿ ಇಟ್ಟು ಶುರು ಮಾಡಿದೆವು. ಬೈದವಳೇ ದಿನಾ ಸ್ನಾನ ಮಾಡಿ, ವಿಭೂತಿ ಬಳಿದುಕೊಂಡು, ನಳಿಗೆಗೂ ಒಂದು ಗೆರೆ ವಿಭೂತಿ ಹಚ್ಚಿ ಮುಂದೆ ಕೂರೋಳು.

ಒಂದು ದಿನ ಪಕ್ಕದ ಮನೆ ಅಜ್ಜಿ ಬೇಲಿ ಮೇಲಿಂದ ಇಣುಕಿದಳು. "ಏನವ್ವಾ, ಕಸಾಯ್ವಾ? ನಂಗೂ ಒಂದ್ ಗುಟುಕು ಕೊಡವ್ವ, ಕೆಮ್ಮು ಬಿಟ್ಟೇ ಇಲ್ಲ."

ಅವ್ವ ಬೆಬ್ಬೆಬ್ಬೆ ಅಂದಳು. "ಇದು... ಇದು ಅವನೊಬ್ಬನ್ಗೇ ಅಂತ ಮಾಡದು ಕಣತ್ತೆ."

"ಆಯ್ತು ಬುಡು. ಒಂದ್ ಗುಟುಕು ಕೊಟ್ರೆ ಸವದೋದೀಯಾ?" ಅಂತ ಅಜ್ಜಿ ಮೂತಿ ತಿರುಗಿಸಿಕೊಂಡು ಹೋದಳು. ಆವತ್ತಿಂದ ನಮ್ಮ ಗಿರಣಿಗೆ ರಾಗಿ ತರೋದನ್ನೇ ನಿಲ್ಲಿಸಿದಳು.

ನಗು ಹಾಗಿರಲಿ. ಅವಳು ಹೋದ ಮೇಲೆ ನಳಿಗೆ ನೋಡಿದರೆ, ಆವತ್ತೂ ಮೊಸರೇ. ಅವ್ವ ಅದನ್ನ ಸೀಬೆಮರದ ಬುಡಕ್ಕೆ ಚೆಲ್ಲಿ, "ನಾಳೀಕೆ ತಿಳಿಯಾಯ್ತದೆ ಬುಡು" ಅಂದಳು. ದಿನಾ ಹಾಗೇ ಅನ್ನೋಳು. ಆ ವರ್ಷ ನಮ್ಮ ಸೀಬೇಕಾಯಿ ಬಲು ಚೆನ್ನಾಗಿ ಬಿಟ್ಟಿತು, ನಾನು ಒಂದನ್ನೂ ಮುಟ್ಟಲಿಲ್ಲ.

ಹನೂರಿನ ಗಂಡು ನೋಡೋರು

ಸ್ಟೀರಾಯ್ಡ್ ಮಾತ್ರೆ ಜರಡಿಗೆ ಏನು ಮಾಡಿತೋ ಕಾಣೆ, ಮುಖಕ್ಕೆ ಮಾತ್ರ ಚೆನ್ನಾಗಿ ಕೆಲಸ ಮಾಡಿತು. ಕಡ್ಡಿ ಹಾಗಿದ್ದವನ ಕೆನ್ನೆ ಎರಡೂ ಬನ್ನಿನ ಹಾಗೆ ಉಬ್ಬಿಕೊಂಡವು. ಹಸಿವೋ ಹಸಿವು. ಉಪ್ಪಿಲ್ಲದ ಸಪ್ಪೆ ಸಾರಲ್ಲೇ ಮುದ್ದೆ ಮೇಲೆ ಮುದ್ದೆ ನುಂಗಿ, "ಅಕ್ಕ, ಇನ್ನೊಂದದಾ?" ಅನ್ನೋನು.

ಅದೇ ಹೊತ್ತಿಗೆ ಹನೂರಿಂದ ಸಂಬಂಧ ಬಂತು. ಹಿಂದೆ ಇದೇ ಜನ "ಹುಡುಗ ಗಾಳಿ ಬೀಸಿದ್ರೆ ಹಾರೋಗ್ತಾನೆ" ಅಂತ ಬೇಡ ಅಂದಿದ್ದರು. ಯಾವುದೋ ಮದುವೇಲಿ ಇವನ ಹೊಸ ಮುಖ ನೋಡಿ, "ಹುಡುಗ ಮೈಕೈ ತುಂಬ್ಕಂಡವ್ನೆ, ಗಿರಣಿ ಚೆನ್ನಾಗಿ ನಡೀತಾ ಇರಬೇಕು" ಅಂತ ತಾವಾಗಿಯೇ ಬಂದರು. ಹುಡುಗಿಯನ್ನೂ ಕರೆದುಕೊಂಡು ಬಂದಿದ್ದರು. ಅವಳು ಎಷ್ಟು ಲಕ್ಷಣವಾಗಿದ್ದಳು ಅಂದರೆ, ತಮ್ಮ ಆವತ್ತು ಎರಡನೇ ಸಲ ಉಪ್ಪಿಟ್ಟು ಕೇಳಲಿಲ್ಲ.

ಅವ್ವ ನನ್ನ ತೊಡೆ ಚಿವುಟಿದಳು, ಸುಮ್ಮನಿರು ಅಂತ. ಈ ಬಾಯಿಯೇ ಸುಮ್ಮನಿತ್ತು. ಅವನು ಸುಮ್ಮನಿರಲಿಲ್ಲ. "ಮಾವ, ಇದು ನನ್ ಮುಖ ಅಲ್ಲ, ಮಾತ್ರೆದು. ನಂಗೆ ಕಿಡ್ನಿ ಸರಿಯಿಲ್ಲ. ಮಾತ್ರೆ ಬುಟ್ಟ ಮ್ಯಾಲೆ ಹಳೇ ಮುಖನೇ ಬತ್ತದೆ" ಅಂದ.

ಹುಡುಗಿ ತಲೆ ತಗ್ಗಿಸಿದಳು. ಅವಳಪ್ಪ ಕಾಫಿ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ತುಂಬಾ ಯೋಚನೆ ಮಾಡಿ ಕೇಳಿದ. "ಆ ಮಾತ್ರೆ ಎಸ್ರೇನಪ್ಪಾ? ನಮ್ ಉಡುಗೀನೂ ಬಲು ಸಣ್ಣ."

ಅವರು ಮತ್ತೆ ಬರಲಿಲ್ಲ. ಗಿರಣಿ ಬೆಲ್ಟು ಬಿಗಿಮಾಡುತ್ತಾ ತಮ್ಮ ಒಂದೇ ಮಾತು ಅಂದ, "ಉಡುಗಿ ಚೆನ್ನಾಗಿದ್ಲು ಕಣಕ್ಕ."

ಅವ್ವನ ಉಪಕಾರ

ಡಾಕ್ಟ್ರು ಹೇಳಿದ ಗಡುವು ಬಂತು. ಈ ಸಲವೂ ಸೋರ್ತಾ ಇದ್ದರೆ ಮೈಸೂರು, ಬೆನ್ನಿಗೆ ಸೂಜಿ. ಬಸ್ಸಲ್ಲಿ ಕೊಳ್ಳೇಗಾಲದ ತನಕ ಅವ್ವ ಮಾದಪ್ಪನ ಹೆಸರು ಜಪಿಸ್ತಾನೇ ಇದ್ದಳು. ಆಸ್ಪತ್ರೇಲಿ ತಮ್ಮ ಡಬ್ಬಿ ತುಂಬಿಸಿ ಅವಳ ಕೈಗೆ ಕೊಟ್ಟು, ಲ್ಯಾಬ್ ಕಿಟಕಿಗೆ ಕೊಟ್ಟು ಬಾ ಅಂತ ಹೇಳಿ ತೂಕ ನೋಡಿಸೋಕೆ ಹೋದ.

ರಿಪೋರ್ಟು ಬಂತು. ಸತ್ವ ಸೋರೋದು ಪೂರ್ತಿ ನಿಂತಿದೆ! ಡಾಕ್ಟ್ರಿಗೇ ಆಶ್ಚರ್ಯ. ನಾನು ಅಲ್ಲೇ ಮಾದಪ್ಪನಿಗೆ ಕೈ ಮುಗಿದೆ, ತಮ್ಮ ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡ. "ಒಂದೇ ತೊಂದರೆ, ಉಚ್ಚೇಲಿ ಸಕ್ಕರೆ ಬಂದಿದೆ. ಸ್ಟೀರಾಯ್ಡ್‌ಗೆ ಹೀಗಾಗೋದುಂಟು" ಅಂತ ಡಾಕ್ಟ್ರು ಅವನ ಬೆರಳು ಚುಚ್ಚಿ ನೋಡಿದರು. ರಕ್ತದಲ್ಲಿ ಸಕ್ಕರೆ ಹೆಚ್ಚಿರಲಿಲ್ಲ. ರಿಪೋರ್ಟು ನೋಡಿದರು, ಅವನ ಊದಿದ ಕಾಲು ನೋಡಿದರು, ಮತ್ತೆ ರಿಪೋರ್ಟು ನೋಡಿದರು.

"ಡಬ್ಬಿ ಯಾರು ಕೊಟ್ಟಿದ್ದು?"

"ನಾನೇ ಕಣಪ್ಪಾ," ಅಂದಳು ಅವ್ವ. "ಅವನ್ದು ದಿನಾ ಮೊಸರೇ ಆಯ್ತಿತ್ತಲ್ಲಾ. ಅದ ಚೆಲ್ಬುಟ್ಟು ನಂದ ಕೊಟ್ಟೆ. ಎತ್ತ ತಾಯ್ದು ಬ್ಯಾರೆ, ಮಗನ್ದು ಬ್ಯಾರೆಯಾ?"

ಡಾಕ್ಟ್ರು ಮೊದಲು ನಕ್ಕರು. ಆಮೇಲೆ ಕನ್ನಡಕ ತೆಗೆದು ಸುಮ್ಮನೆ ಒರೆಸುತ್ತಾ ಕೂತರು. ಅವ್ವನ ಬೆರಳೂ ಚುಚ್ಚಿ ನೋಡಿದರು. ಅವಳಿಗೆ ಸಕ್ಕರೆ ಕಾಯಿಲೆ ಯಾವ ಕಾಲದಿಂದ ಇತ್ತೋ ಏನೋ. ನಡೆದದ್ದೆಲ್ಲ ಬರೆದು ಮಗನಿಗೆ ಮೈಸೂರಿನ ಚೀಟಿ, ತಾಯಿಗೆ ಸಕ್ಕರೆ ಕಾಯಿಲೆ ಮಾತ್ರೆ.

ಮೈಸೂರಲ್ಲಿ ಸೂಜಿ ಹಾಕೋವಾಗ ಹಲ್ಲು ಕಚ್ಚಿಕೊಂಡವಳು ಅವ್ವ, ಅವನಲ್ಲ. ಕಾದು ಕಾದು ಉತ್ತರ ಬಂತು. ಅಲ್ಲಿನ ದೊಡ್ಡ ಡಾಕ್ಟ್ರು ನಮ್ಮನ್ನ ಕೂರಿಸಿ ಮೆತ್ತಗೆ ಹೇಳಿದರು. ಜರಡಿಗಳು ಅಲ್ಲಲ್ಲಿ ಕಲೆಗಟ್ಟಿವೆ. ಸ್ಟೀರಾಯ್ಡ್‌ಗೆ ಬಗ್ಗದೇ ಇದ್ದದ್ದು ಅದಕ್ಕೇ. ಆ ಮಾತ್ರೆಯನ್ನ ನಿಧಾನಕ್ಕೆ ಕಡಿಮೆ ಮಾಡಿ ಬೇರೆ ಔಷಧಿ ಕೊಟ್ಟು ನೋಡೋಣ, ಕೆಲವರಿಗೆ ಅದು ಹಿಡಿಯುತ್ತೆ.

"ಇಡೀದಿದ್ರೆ?" ಅಂದ ತಮ್ಮ.

"ಮುಂದೆ ಯಾವತ್ತೋ ಕಿಡ್ನಿ ಕೈಕೊಟ್ಟರೆ, ಮನೆಯವರು ಯಾರಾದರೂ ಒಂದು ಕೊಡಬಹುದು. ಈಗಲೇ ಆ ಯೋಚನೆ ಬೇಡ."

ತಮ್ಮ ನೆಲ ನೋಡ್ತಾ ಕೂತ. ಅವ್ವ ಮಾತ್ರ ದಡಕ್ಕನೆ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಯಾವತ್ತೋ ಯಾಕ್ ಸಾ? ನಂದ ಇವತ್ತೇ ತಕ್ಕಳಿ" ಅಂದಳು.

ಡಾಕ್ಟ್ರು ಕೊಳ್ಳೇಗಾಲದ ಚೀಟಿ ತಿರುವಿ ನೋಡಿದರು. "ಆಗಲ್ಲ ತಾಯಿ. ನಿಮ್ಮ ಉಚ್ಚೇಲಿ ಸಕ್ಕರೆ ಬಂದಿದೆ ಅಂತ ಇಲ್ಲಿದೆ. ಸಕ್ಕರೆ ಕಾಯಿಲೆ ಇರೋರದ್ದು ತಗೊಳ್ಳಲ್ಲ."

ಅವ್ವ ಅವರ ಮುಖ ನೋಡಿದಳು, ಮಗನ ಮುಖ ನೋಡಿದಳು. ನಮ್ಮ ಕಡೆ ಮಾದಪ್ಪನ ಮೇಲೆ ಸುಳ್ಳಾಣೆ ಇಟ್ಟವರು ಉದ್ಧಾರವಾದದ್ದಿಲ್ಲ. ಕತ್ತು ಹೋದರೂ ಅವಳು ಅದನ್ನ ಮಾಡಿದವಳಲ್ಲ. ಮೇಜಿನ ಮೇಲೆ ಕೈ ಬಡಿದು ಹೇಳಿದಳು.

"ಮಾದಪ್ಪನಾಣೆಗೂ ಆ ಉಚ್ಚೆ ನಂದಲ್ಲ ಸಾ, ಅವನ್ದೇ!"