ಕುಂಕುಮ ಇಡಿಸಿಕೊಂಡ ಮೆಮೊರಿ ಕಾರ್ಡು

ನಮ್ಮ ದೊಡ್ಡಪ್ಪನನ್ನು ಕಂಡರೆ ಯಂತ್ರಗಳೆಲ್ಲ ಹೆದರುತ್ತವೆ. ಹೀಗೆಂದು ಹೇಳಿದವರು ಸ್ವತಃ ದೊಡ್ಡಪ್ಪನೇ! ಕಾರ್ಖಾನೆಯಿಂದ ನಿವೃತ್ತರಾಗಿ ಲಿಂಗರಾಜಪುರದಲ್ಲಿ ನೆಲೆಸಿದ ಮೇಲೆ, ಹೆದರಿಸಲು ಲೇತ್ ಮೆಷಿನ್ನುಗಳಿಲ್ಲದೆ ಮಿಕ್ಸಿ, ಗೀಸರುಗಳ ಬೆನ್ನು ಹತ್ತಿದ್ದಾರೆ. ಈಚೆಗೆ ಅವರ ಕೈಗೆ ಸಿಕ್ಕಿಬಿದ್ದದ್ದು ಒಂದು ಪ್ಲೇಯರು. ಅದರಲ್ಲಿ ಕ್ಯಾಸೆಟ್ ಹಾಕಿದರೆ ಹಾಡು ಮೆಮೊರಿ ಕಾರ್ಡಿಗೆ ಇಳಿಯುತ್ತದಂತೆ.

ಇಳಿಸಬೇಕಾದದ್ದು ದೊಡ್ಡಮ್ಮ ಹರೆಯದಲ್ಲಿ ಹಾಡಿದ್ದ ಆರತಿ ಹಾಡುಗಳನ್ನು. ಗಂಟಲಿನ ಆಪರೇಷನ್ ಆದಮೇಲೆ ಅವರು ಹಾಡುವುದನ್ನೇ ಬಿಟ್ಟಿದ್ದರು. ಭಾನುವಾರ ಮಗಳ ಸೀಮಂತ. ಆರತಿ ಎತ್ತುವಾಗ ದೊಡ್ಡಮ್ಮನ ಹಾಡೇ ಕೇಳಬೇಕೆಂದು ದೊಡ್ಡಪ್ಪನ ಹಟ. ಟೇಪೋ ಸವೆದು ಇವತ್ತೋ ನಾಳೆಯೋ ಎನ್ನುತ್ತಿತ್ತು.

ಶುಕ್ರವಾರ ಬೆಳಿಗ್ಗೆ ನನಗೆ ಫೋನು.

"ಏಯ್, ತಕ್ಷಣ ಹೊರಟು ಬಾ. ಕಾರ್ಡೇ ಇಲ್ಲ ಅಂತಿದೆ ಈ ಮುಂಡೇದು!"

"ಹಾಕಿದ್ದೀರಾ ದೊಡ್ಡಪ್ಪ?"

"ನನ್ನನ್ನೇನು ಬೆಪ್ಪು ಅಂದ್ಕೊಂಡಿದ್ಯಾ?"

ಆಫೀಸಿಗೆ ರಜೆ ಹೇಳಿ ದೊಮ್ಮಲೂರಿನಿಂದ ಓಡಿದೆ. ದೊಡ್ಡಪ್ಪ ಆಗಲೇ ಶಿವಾಜಿನಗರಕ್ಕೆ ಹೋಗಿ ಇನ್ನೊಂದು ಕಾರ್ಡು ತಂದಿದ್ದರು. ಅಂಗಡಿಯವನು ಅದನ್ನು ಎದುರಿಗೇ ಹಾಡಿಸಿ ತೋರಿಸಿದ್ದನಂತೆ. ಮನೆಗೆ ಬಂದರೆ ಮತ್ತದೇ ಮೌನವ್ರತ! ಕಾರ್ಡನ್ನು ಹೊರಗೆಳೆದು ತಿರುಗಿಸಿ ನೋಡಿದೆ. ಬಂಗಾರದ ಬಣ್ಣದ ಹಲ್ಲುಗಳ ಮೇಲೆ ಅರಿಶಿನ, ಅದರ ಮೇಲೆ ದುಂಡಗೆ ಕುಂಕುಮ!

"ಇದೇನು ದೊಡ್ಡಪ್ಪ?"

"ಪೂಜೆ ಕಣೋ! ಕುಂಕುಮ ಇಡ್ದೆ ಯಾವ ಹೊಸ ಮೆಷಿನ್ ಸ್ವಿಚ್ ಹಾಕಿದ್ದೀನಿ ನಾನು?"

"ಸರಿ, ಹಿಂದ್ಗಡೆಗೆ ಯಾಕೆ ಇಟ್ರಿ?"

"ಬಂಗಾರ ಇರೋ ಕಡೆ ತಾನೇ ಮುಖ?"

ಕಾರ್ಡನ್ನು ಒರೆಸಿ, ರಬ್ಬರಿನಿಂದ ಮೆಲ್ಲಗೆ ಉಜ್ಜಿ ಹಾಕಿದೆ. ಪ್ಲೇಯರು ಕಾರ್ಡನ್ನು ಒಪ್ಪಿಕೊಂಡಿತು. ರೆಕಾರ್ಡ್ ಗುಂಡಿಯನ್ನು ಮಾತ್ರ ದೊಡ್ಡಪ್ಪನೇ ಒತ್ತಬೇಕು, ಒತ್ತಿದರು. ಆಮೇಲೆ ಮನೆಯಲ್ಲಿ ಕರ್ಫ್ಯೂ! ಹೊರಗಿನ ಸದ್ದು ಒಳಗೆ ಹೋಗುವುದಿಲ್ಲವೆಂದು ನಾನು ಎಷ್ಟು ಹೇಳಿದರೂ ಕೇಳದೆ, ಸೊಪ್ಪಿನವಳ ಬಾಯಿ ಮುಚ್ಚಿಸಲು ನನ್ನನ್ನು ಗೇಟಿಗೆ ಅಟ್ಟಿ, ತಾವು ಸ್ಪೀಕರಿಗೆ ಕಿವಿ ಹಚ್ಚಿ ಕೂತರು.

ಕ್ಯಾಸೆಟ್ ಮುಗಿಯಿತು. ಕಾರ್ಡಿನಲ್ಲಿ ಇಳಿದದ್ದನ್ನು ಹಾಕಿ ಕೇಳಿದರೆ, ಮೊದಲು ನನ್ನದೇ ಉಪನ್ಯಾಸ! ಹಿಂದೆಯೇ "ದಂಟೂ, ಮೆಂತ್ಯಾ!" ಆಮೇಲೆ ಕುಕ್ಕರಿನ ಸೀಟಿ. ದೊಡ್ಡಪ್ಪ ಒತ್ತಿದ್ದು ಹೊರಗಿನ ಸದ್ದನ್ನೂ ಹಿಡಿಯುವ ಮೈಕಿನ ಗುಂಡಿಯನ್ನು!

"ಅಳಿಸಿ ಇನ್ನೊಂದ್ಸಲ ಮಾಡೋಣ" ಎಂದು ಕೈ ಚಾಚಿದೆ. ದೊಡ್ಡಪ್ಪ ಗಪ್ಪನೆ ನನ್ನ ಕೈ ಹಿಡಿದುಕೊಂಡರು.

"ತಡಿ. ಕೇಳು."

ಟೇಪಿನ ಹರೆಯದ ಕಂಠದ ಹಿಂದೆ ಇನ್ನೊಂದು ದನಿಯಿತ್ತು. ಒಡೆದದ್ದು, ಅಲ್ಲಲ್ಲಿ ಉಸಿರು ಸಾಲದ್ದು. ಯಾರಿಗೂ ಕೇಳಿಸುವುದಿಲ್ಲವೆಂದು ಅಡುಗೆಮನೆಯಿಂದ ದೊಡ್ಡಮ್ಮ ತಮ್ಮದೇ ಹಾಡಿಗೆ ದನಿಗೂಡಿಸಿದ್ದರು.

ದೊಡ್ಡಪ್ಪ ಕಾರ್ಡನ್ನು ತೆಗೆದು ಜೇಬಿನಲ್ಲಿಟ್ಟುಕೊಂಡರು.

ಭಾನುವಾರ ಆರತಿಯ ಹೊತ್ತಿಗೆ ಎಲ್ಲರೂ ಪ್ಲೇಯರಿನ ಕಡೆ ನೋಡಿದರೆ, ದೊಡ್ಡಪ್ಪ ದೊಡ್ಡಮ್ಮನ ಕಡೆ ನೋಡಿದರು.

"ನೀನೇ ಹಾಡೇ."

"ಅಯ್ಯೋ, ಈ ಗಂಟಲಲ್ಲಾ? ಜನ ನಗ್ತಾರೆ ರೀ."

"ನಂಗೆ ಕೇಳ್ಬೇಕು."

ದೊಡ್ಡಮ್ಮ ಹಾಡಿದರು. ದೊಡ್ಡಪ್ಪ ಈ ಸಲ ಬೇಕೆಂದೇ ಮೈಕಿನ ಗುಂಡಿ ಒತ್ತಿ, ಕಣ್ಣು ಒರೆಸಿಕೊಳ್ಳುತ್ತ ಪ್ಲೇಯರಿನ ಪಕ್ಕ ನಿಂತಿದ್ದರು. ಕುಕ್ಕರು ಕೂಗಿದರೂ ಯಾರನ್ನೂ ಗದರಲಿಲ್ಲ.