ಎಪ್ಪತ್ತೆರಡರಲ್ಲೇ ನಿಂತ ಹುಳುಮನೆ

ನನ್ನ ನೆನಪನ್ನು ನಾನು ನಂಬುವುದಿಲ್ಲ. ಎಲ್ಲ ಸರಿಯಾಗಿದ್ದ ಕೊನೆಯ ಗಳಿಗೆಯಲ್ಲಿ ಏನು ಕಂಡಿತ್ತೋ ಅದನ್ನೇ ಹಿಡಿದುಕೊಂಡು ಕೂತುಬಿಡುವ ಸ್ವಭಾವ ಅದಕ್ಕೆ. ಇದನ್ನು ಮೊದಲ ಸಲ ಬರೆದಾಗ, ಅಕ್ಕ ಕೂಗಿದ ಕೂಡಲೇ ನಾನು ಜಗಲಿಯಿಂದ ಎದ್ದು ಓಡಿದೆ ಎಂದಿತ್ತು. ಫೋನಿನಲ್ಲಿ ಅವಳಿಗೇ ಓದಿದೆ. “ಯಾವಾಗ್ಲಾ ಓಡ್ದೆ? ಕಡ್ಲೆಕಾಯಿ ಬುಡುಸ್ಕೊಂಡು ಕುಂತಿದ್ದೆ ಕಣೋ ನೀನು” ಎಂದಳು. ಆ ಸಾಲು ಹೊಡೆದುಹಾಕಿದೆ. ಕಡಲೆಕಾಯಿ ನನಗೆ ನೆನಪಿಲ್ಲ. ಆದರೆ ಲ್ಯಾಪ್‌ಟಾಪಿನ ಕೀಲಿಗಳ ಸಂದಿಯಲ್ಲಿ ಸಿಪ್ಪೆ ಸಿಕ್ಕಿದೆ.

ಅಕ್ಕ ಇರುವುದು ಕನಕಪುರದ ಕಡೆಯ ದೊಡ್ಡಆಲಹಳ್ಳಿಯಲ್ಲಿ. ಮನೆಯ ಪಕ್ಕದಲ್ಲೇ ರೇಷ್ಮೆ ಹುಳು ಸಾಕುವ ಶೀಟಿನ ಮನೆ. ನಾನು ರಾಮನಗರದಲ್ಲಿ ಹೈಸ್ಕೂಲು ವಿಜ್ಞಾನದ ಮೇಷ್ಟ್ರು. ಮನೆಯ ಮಿಕ್ಸಿಯಿಂದ ಹಿಡಿದು ಶಾಲೆಯ ಗಂಟೆಯವರೆಗೆ ಬಿಚ್ಚಿದ್ದನ್ನು ಪೂರ್ತಿ ಮುಚ್ಚಿದ ದಾಖಲೆಯಿಲ್ಲ. ಹುಳುಮನೆಯೊಳಗೆ ತೇವ ಅಳೆಯುವ ಸಣ್ಣ ಯಂತ್ರ ತೂಗುಹಾಕಿಸಿ, ಹೊರಗೆ ಜಗಲಿಯಲ್ಲಿ ಪುಟ್ಟದೊಂದು ಕಂಪ್ಯೂಟರ್ ಡಬ್ಬಿ ಇಟ್ಟಿದ್ದೆ. ಡಬ್ಬಿ ತಾನೇ ಒಂದು ವೈಫೈ ಹರಡುತ್ತದೆ, ಒಳಗಿನ ಯಂತ್ರ ಅದರ ಮೂಲಕ ತೇವ ತಿಳಿಸುತ್ತದೆ, ತೇವ ಇಳಿದರೆ ಡಬ್ಬಿ ಮಂಜು ಸಿಂಪಡಿಸುವ ಮೋಟಾರು ಹಾಕುತ್ತದೆ. ಎರಡು ಬೆಳೆ ಚೆನ್ನಾಗಿ ಬಂತು. ಅಲ್ಲಿಗೆ ನಿಲ್ಲಿಸುವ ಜಾಯಮಾನ ನನ್ನದಲ್ಲ. ರಾಮನಗರದಲ್ಲಿ ಕೂತೇ ಅಕ್ಕನ ಹುಳುಮನೆಯ ತೇವ ನೋಡಬೇಕು ಅನ್ನಿಸಿತು. ಅದಕ್ಕೆ ಡಬ್ಬಿಯು ಅಕ್ಕನ ಮನೆಯ ಇಂಟರ್ನೆಟ್ಟನ್ನು ಹಿಡಿಯಬೇಕು. ಹಿಡಿಯುವ ಮೊದಲು ಸುತ್ತ ಯಾವ ಯಾವ ವೈಫೈಗಳಿವೆ ಎಂದು ಹುಡುಕಬೇಕು. ಹುಡುಕು ಎಂದರೆ ಡಬ್ಬಿ ಪ್ರತಿ ಸಲವೂ ‘ಕೆಲಸದಲ್ಲಿದ್ದೇನೆ’ ಎಂಬ ಒಂದೇ ಉತ್ತರ ಕೊಡುತ್ತಿತ್ತು. ಮೂರು ಭಾನುವಾರ ತಲೆ ಚಚ್ಚಿಕೊಂಡ ಮೇಲೆ ತಿಳಿಯಿತು: ವೈಫೈ ಹರಡುತ್ತಿರುವಾಗ ಬೇರೆ ವೈಫೈ ಹುಡುಕುವುದು ಡಬ್ಬಿಯೊಳಗಿನ ವೈಫೈ ಕಾರ್ಡನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶಕ್ಕೆ ಗೊತ್ತೇ ಇಲ್ಲ.

ಇದನ್ನು ಭಾವನಿಗೆ ವಿವರಿಸಿದೆ. “ಅಂದ್ರೆ, ಬಡಿಸ್ತಾ ಇರೋವ್ನು ಪಕ್ಕದ ಮನೇಲಿ ಏನ್ ಸಾರು ಅಂತ ನೋಡಕ್ಕಾಗಕಿಲ್ಲ ಅನ್ನು” ಎಂದರು.

“ಸೌಟು ಕೆಳಗಿಟ್ಟು ಹೋಗಿ ನೋಡಬಹುದು ಭಾವ. ಬಲವಂತವಾಗಿ ಹುಡುಕಿಸೋ ಒಂದು ಆಜ್ಞೆ ಇದೆ.”

“ಅಷ್ಟೊತ್ಗೆ ಎಲೆ ಮುಂದೆ ಕುಂತೋರು ಎದ್ದೋಗಿರ್ತಾರೆ ಕಣಯ್ಯ ಮೇಷ್ಟ್ರೇ!”

ಇಷ್ಟು ನಿಖರವಾದ ವಿವರಣೆ ನನಗೆ ಯಾವ ಕೈಪಿಡಿಯಲ್ಲೂ ಸಿಕ್ಕಿರಲಿಲ್ಲ. ಆದರೂ ನಾಲ್ಕನೇ ಭಾನುವಾರ ಆ ಆಜ್ಞೆ ಕೊಟ್ಟೆ.

ಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚುವ ನಿದ್ದೆಯಿಂದ ಎದ್ದು, ಗೂಡು ಕಟ್ಟುವ ಮೊದಲಿನ ಕೊನೆಯ ಹಸಿವಿನಲ್ಲಿದ್ದವು. ಮಧ್ಯಾಹ್ನದ ಬಿಸಿಲಿಗೆ ಚಾವಣಿಯ ಶೀಟು ಕಾದು ಕೂತಿತ್ತು. ಈ ಹೊತ್ತಿನಲ್ಲಿ ತೇವ ತಪ್ಪಿದರೆ ಸೊಪ್ಪು ಬಾಡುತ್ತದೆ, ಹುಳು ಮುಟ್ಟುವುದಿಲ್ಲ, ತಿಂಗಳ ದುಡಿತ ಹೋಗುತ್ತದೆ. ನಾನು ಮಾತ್ರ ಒಳಗೆ ಹೋಗುವಂತಿರಲಿಲ್ಲ. ನನ್ನ ಮನೆ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದೆ. ಹತ್ತಾರು ಊರಿನ ಹುಳುವಿನ ರೋಗ ಬರುವ ಜಾಗ. ಅಲ್ಲಿಂದ ಬಂದವನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಈಜಿ ಬಂದರೂ ಅಕ್ಕ ಹೊಸಿಲು ದಾಟಿಸುವುದಿಲ್ಲ. ಹಾಗಾಗಿ ಒಳಗಿನ ಲೋಕ ನನಗೆ ಗೊತ್ತಿದ್ದದ್ದು ಜಗಲಿಯಲ್ಲಿ ತಂತಿಯಿಂದ ಡಬ್ಬಿಗೆ ಸಿಕ್ಕಿಸಿದ್ದ ನನ್ನ ಲ್ಯಾಪ್‌ಟಾಪಿನ ಪರದೆಯಲ್ಲಿ ಮಾತ್ರ. ಪರದೆ ತೇವ ನೂರಕ್ಕೆ ಎಪ್ಪತ್ತೆರಡು ಅಂದಿತು. ಸೊಗಸಾದ ಅಂಕಿ.

ಜಾಲರಿಯ ಕಿಟಕಿಯಿಂದ ಅಕ್ಕ ಕೂಗಿದಳು. “ಲೋ, ಸೊಪ್ಪು ಗರಗರ ಅಂತೈತೆ. ಮಂಜು ಬತ್ತಾ ಇಲ್ಲ.”

“ಎಪ್ಪತ್ತೆರಡು ಐತೆ ಅಕ್ಕಾ.”

“ನನ್ ಮೈಯೆಲ್ಲಾ ಉರೀತೈತೆ ಕಣೋ!”

“ನಿನ್ನ ಮೈ ಬೇರೆ, ಗಾಳಿಯ ತೇವ ಬೇರೆ” ಎಂದು ಶುರುಮಾಡಿ ಅವೆರಡರ ವ್ಯತ್ಯಾಸವನ್ನು ಎಂಟನೇ ತರಗತಿಗೆ ಹೇಳುವಷ್ಟು ವಿವರವಾಗಿ ಹೇಳಿದೆ. ಅವಳು ಮತ್ತೆ ಕೂಗಿದಳಂತೆ. ಮೂರು ಸಲವಂತೆ. ನನ್ನ ಲೆಕ್ಕದಲ್ಲಿ ಒಂದೇ.

ಆಗಿದ್ದಿಷ್ಟು: ಹುಡುಕಲು ಹೋದ ಡಬ್ಬಿ ತನ್ನ ವೈಫೈ ಬಿಟ್ಟಿತ್ತು, ಮತ್ತೆ ಹಿಡಿಯಲೇ ಇಲ್ಲ. ಒಳಗಿನ ಯಂತ್ರ ಕೂಗುತ್ತಲೇ ಇತ್ತು, ಕೇಳಿಸಿಕೊಳ್ಳುವವರಿರಲಿಲ್ಲ. ಸುದ್ದಿ ಬಾರದಿದ್ದರೆ ಹಳೆಯ ಅಂಕಿಯನ್ನೇ ತೋರಿಸು ಎಂದು ಡಬ್ಬಿಗೆ ಹೇಳಿಕೊಟ್ಟವನೂ ನಾನೇ; ನಾನಿಲ್ಲದಾಗ ತನ್ನ ಫೋನಿನಲ್ಲಿ ಖಾಲಿ ಪರದೆ ಕಂಡು ಅಕ್ಕ ಗಾಬರಿಯಾಗದಿರಲೆಂದು. ಎಪ್ಪತ್ತೆರಡನ್ನು ಡಬ್ಬಿ ನಂಬಿತು, ಮೋಟಾರು ಹಾಕಲಿಲ್ಲ. ನಾನು ಡಬ್ಬಿಯನ್ನು ನಂಬಿದೆ.

ಅಕ್ಕ ಮಾತು ನಿಲ್ಲಿಸಿ ಗೋಣಿತಾಟು ನೆನೆಸಿ ಕಿಟಕಿಗಳಿಗೆ ಕಟ್ಟಿದಳು, ಒಣಗಿದ ಸೊಪ್ಪು ತೆಗೆದು ಹೊಸದು ಹರಡಿದಳು. ಮುಕ್ಕಾಲು ಪಾಲು ಹುಳು ಚೇತರಿಸಿಕೊಂಡವು. ಪಡುವಣ ಗೋಡೆಯ ಕಡೆಯವು ತಿನ್ನುವುದು ಬಿಟ್ಟು ತಲೆಯೆತ್ತಿ ಹಾಗೇ ನಿಂತವು. ಆಮೇಲೆ ಅವು ಕಟ್ಟಿದ್ದು ಬೆರಳಿಟ್ಟರೆ ಕುಸಿಯುವ ಗೂಡು. “ಏನೂ ಆಗ್ಲಿಲ್ಲ ಬುಡು, ಉಣ್ಣೋಗು” ಎಂದಳು ಅವತ್ತು ಅಕ್ಕ. ಬೈದಿದ್ದರೆ ಉಣ್ಣಬಹುದಿತ್ತು.

ಲ್ಯಾಪ್‌ಟಾಪಿನಲ್ಲಿ ಆ ಪುಟ ಇನ್ನೂ ತೆರೆದೇ ಇದೆ, ಎಪ್ಪತ್ತೆರಡು. ಮುಚ್ಚಲು ಮನಸ್ಸಾಗಿಲ್ಲ. ಮೊನ್ನೆ ಅಕ್ಕ ಫೋನ್ ಮಾಡಿ, “ನಾಳಿದ್ದು ಹೊಸ ಮರಿ ಹುಳ ತತ್ತಾವ್ರೆ ಕಣಪ್ಪ, ನೀನು…” ಎಂದಳು. ಅಷ್ಟರಲ್ಲಿ ನಾನು, ಹರಡುತ್ತಲೇ ಹುಡುಕಬಲ್ಲ ಹೊಸ ಕಾರ್ಡು ತರಿಸಿರುವುದನ್ನೂ ಅದರ ಡ್ರೈವರಿನ ಗುಣಗಳನ್ನೂ ಹೇಳತೊಡಗಿದ್ದೆ. ಮುಗಿಸಿ ನೋಡಿದರೆ ಕರೆ ಕಡಿದಿತ್ತು, ಯಾವಾಗಲೋ ಗೊತ್ತಿಲ್ಲ. ಬಾ ಅಂದಳೋ, ಬರಬೇಡ ಅಂದಳೋ. ನನಗೆ ಹೇಗೆ ಕೇಳಿಸಬೇಕು, ಮಾತಾಡುತ್ತಿದ್ದವನು ನಾನು.